ಹೊಗೆರಾಯನ ಮೂಗು

ನಮ್ಮ ಬೀದಿಯ ಧೂಪದಂಗಡಿಯವನಿಗೆ ನಾನಿಟ್ಟ ಹೆಸರು ಹೊಗೆರಾಯ. ಒಮ್ಮೆ ಒಂದು ಮನೆಯ ಶುದ್ಧಿಗೆ ಇವನು ಬೇವಿನ ಹೊಗೆ ಹಾಕಿದಾಗ ದೆವ್ವದ ಹಿಂದೆಯೇ ಮನೆ ಮಾಲೀಕನೂ ಓಡಿಹೋದ. ಸುಳ್ಳಾದರೆ ನನಗುಳಿದಿರುವ ಎರಡು ಹಲ್ಲೂ ಉದುರಲಿ. ಡಬ್ಬಿಗಳ ಮೇಲೆ ಹೆಸರು ಬರೆಯುವವನಲ್ಲ. "ಚೀಟಿ ಯಾಕ್ರೀ, ಮೂಗಿಲ್ವಾ?" ಎಂದು ಚಿಟಿಕೆ ಪುಡಿ ಮೂಸಿ ಕಣ್ಣು ಮುಚ್ಚುತ್ತಾನೆ. ಪರದೆಯ ಹಿಂದೆ ಹೆಂಡತಿ ಒಮ್ಮೆ ಕೆಮ್ಮುತ್ತಾಳೆ. "ತುಳಸಿ! ಮನಸ್ಸಿನ ಕೊಳೆಗೆ ಇದೇ ಸೋಪು!" ಎನ್ನುತ್ತಾನೆ ಇವನು. ಪಾಪ, ಹೊಗೆ ಕುಡಿದ ಎದೆ ಎಂದು ಗಿರಾಕಿಗಳು ಅವಳಿಗೆ ಶುಂಠಿ ತಂದುಕೊಡುತ್ತಾರೆ. ಗುಟ್ಟು ಗೊತ್ತಿದ್ದದ್ದು ನನಗೊಬ್ಬನಿಗೇ: ಮೂವತ್ತು ವರ್ಷದ ಹೊಗೆಗೆ ಹೊಗೆರಾಯನ ಮೂಗು ಸತ್ತಿದೆ, ಮೂಸುವವಳು ಅವಳೇ. ಒಂದು ಕೆಮ್ಮಿಗೆ ತುಳಸಿ, ಎರಡಕ್ಕೆ ಬೇವು, ಮೂರಕ್ಕೆ ಲಾವಂಚ. ಊರಿಗೆ ತಿಳಿದರೆ ಅಂಗಡಿಯ ಮರ್ಯಾದೆಯೇ ಹೊಗೆ! ಮೊನ್ನೆ ಅಂಗಡಿ ತುಂಬ ಜನ. ಇವನು ಗತ್ತಿನಿಂದ ಡಬ್ಬಿ ತೆರೆದು ಮೂಸಿದ. ಒಳಗೆ ಒಂದು ಕೆಮ್ಮು, ಎರಡು, ಮೂರು. "ಲಾವಂ..." ಎಂದು ಬಾಯಿ ತೆರೆದ. ನಾಲ್ಕು, ಐದು, ಆರು, ನಿಲ್ಲಲೇ ಇಲ್ಲ. "ಯಾವ್ದು ಹೇಳಿ ಅಣ್ಣಾ?" ಎಂದಳು ಶುಂಠಿ ತಂದಿದ್ದ ಹೆಂಗಸು. ಹೊಗೆರಾಯ ಡಬ್ಬಿ ಕೆಳಗಿಟ್ಟ. "ಯಾರಿಗ್ ಗೊತ್ತಮ್ಮಾ, ನಂಗೆ ವಾಸ್ನೇನೇ ಬರಲ್ಲ! ಮೊದ್ಲು ಆ ಶುಂಠಿ ಕೊಡು ಇಲ್ಲಿ," ಎಂದವನೇ ಪರದೆ ಸರಿಸಿ ಒಳಗೆ ಓಡಿದ.