ಮುಡಿಪಿನಲ್ಲಿ ಕಟ್ಟಿಟ್ಟ ಪ್ಯಾನ್ ಕಾರ್ಡು

ನಂಜನಗೂಡಿನ ನಂಜುಂಡಪ್ಪನನ್ನು ನಂಬಿದ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ನರಸೀಪುರದ ಪಕ್ಕದ ಹಳ್ಳಿಯ ಚಿಕ್ಕತಾಯಮ್ಮ ಕೈಮುಗಿದು ಬರೆಯುವುದು. ಓದಿದ್ದು ಎರಡನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹೋದ ಕಾರ್ತಿಕದಲ್ಲಿ ನನ್ನ ಮೊಮ್ಮಗಳ ಕಿವಿಯ ಯಂತ್ರವನ್ನು ನಾನೇ ಹಾಳು ಮಾಡಿದೆ. ಪೂರ್ವಿಕಾಗೆ ನಾಲ್ಕು ವರ್ಷ, ಹುಟ್ಟಿನಿಂದಲೇ ಕಿವಿ ಮಂದ. ಶಿಬಿರದಲ್ಲಿ ಪುಕ್ಕಟೆ ಕೊಟ್ಟ ಯಂತ್ರ ಎರಡೂ ಕಿವಿಗೆ ಹಾಕಿದ ಮೇಲೆ ‘ಅಮ್ಮ’, ‘ಬಾ’, ‘ಹಾಲು’ ಎನ್ನಲು ಕಲಿತಿದ್ದಳು. ಅವತ್ತು ಎಣ್ಣೆ ಹಚ್ಚಿ ನೀರು ಹಾಕಲೆಂದು ಅವುಗಳನ್ನು ತೆಗೆದು ಕಲಗಚ್ಚಿನ ಬಾನಿಯ ಅಂಚಿನ ಮೇಲಿಟ್ಟೆ. ಎಮ್ಮೆ ಮೂತಿ ಹಾಕಿತು, ಎರಡೂ ಕಲಗಚ್ಚಿಗೆ ಬಿದ್ದವು. ತೊಳೆದು ಬಿಸಿಲಿಗಿಟ್ಟರೂ ಕೆಲಸಕ್ಕೆ ಬರಲಿಲ್ಲ.

ಮೈಸೂರಿನ ಆಸ್ಪತ್ರೆಯ ಡಾಕ್ಟರಮ್ಮ, “ಈ ವಯಸ್ಸಲ್ಲಿ ಶಬ್ದ ನಿಂತ್ರೆ ಕಲಿತ ಮಾತೂ ಮರೆತುಹೋಗುತ್ತೆ ಅಜ್ಜಿ, ತಡ ಮಾಡ್ಬೇಡಿ” ಎಂದರು. ಪುಕ್ಕಟೆಯದು ಮತ್ತೆ ಸಿಗಲು ಎರಡು ವರ್ಷ ಕಾಯಬೇಕಂತೆ. ಕೊಳ್ಳುವುದಾದರೆ ನಲವತ್ತು ಸಾವಿರ. ಹದಿನೈದು ದಿನಕ್ಕೆ ‘ಹಾಲು’ ಹೋಯಿತು. ತಿಂಗಳಿಗೆ ‘ಬಾ’ ಹೋಯಿತು. ಮಗು ಬಾಯಿ ಬಿಡದೆ ಸೆರಗು ಹಿಡಿದು ಎಳೆಯತೊಡಗಿತು. ಸೊಸೆ ಮಂಜುಳ ಆಮೇಲೆ ಮಗುವಿಗೆ ತಾನೇ ನೀರು ಹಾಕತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ದುಡ್ಡು ಇತ್ತು, ಕೈಯಲ್ಲಿ ಇರಲಿಲ್ಲ. ನಾಲೆಗೆ ಹೋದ ನಮ್ಮ ಜಮೀನಿನ ಪರಿಹಾರದ ಬಡ್ಡಿ ಅದರ ಹಿಂದಿನ ವರ್ಷ ನನ್ನ ಹೆಸರಿಗೆ ಬಂದು ಮನೆಯ ತಾರಸಿಗೆ ಮುಗಿದಿತ್ತು. ಕೊಡುವಾಗಲೇ ತೆರಿಗೆ ಎಂದು ನಲವತ್ತೆರಡು ಸಾವಿರ ಹಿಡಿದುಕೊಂಡಿದ್ದರು. ನರಸೀಪುರದಲ್ಲಿ ತೆರಿಗೆ ಲೆಕ್ಕ ತುಂಬಿಕೊಡುವ ಲೋಕೇಶ ಬೇಸಿಗೆಯಲ್ಲೇ ಹೇಳಿದ್ದ: “ನಿಮ್ಗೆ ತೆರ್ಗೆ ಬರಾಕಿಲ್ಲ ಕಣವ್ವ. ಜುಲೈ ಒಳ್ಗೆ ರಿಟರ್ನ್ ಆಕುದ್ರೆ ಇಡ್ಕಂಡಿರೋ ದುಡ್ಡು ವಾಪಸ್ ಬತ್ತದೆ. ಪ್ಯಾನ್ ಕಾರ್ಡ್ ತಕ್ಕೊಂಡ್ ಬನ್ನಿ.” ತಲೆಯಾಡಿಸಿ ಬಂದೆ. ನಾಟಿ ಬಂತು, ಎಮ್ಮೆ ಈಯಿತು, ಮರೆತೆ. ಅದಕ್ಕೆ ಬೇರೆ ಕಾರಣ ಹೇಳುವುದಿಲ್ಲ.

ಡಿಸೆಂಬರ್ ಕೊನೆಯ ವಾರ ಮಂಜುಳಳಿಗೆ ನೆನಪಾಗಿ ಇಬ್ಬರೂ ಅವನಲ್ಲಿಗೆ ಓಡಿದೆವು.

“ಜುಲೈ ಅಂದೋನು ನಾನು, ಡಿಸೆಂಬರ್‌ಗೆ ಬಂದೋರು ನೀವು” ಎಂದು ಲೋಕೇಶ ಬೈದ. ಆಮೇಲೆ, “ಮೂವತ್ತೊಂದನೇ ತಾರೀಕಿನವರ್ಗೂ ತಡವಾಗಿ ಆಕಬೋದು. ಅದೂ ದಾಟುದ್ರೆ ಮನ್ನಿಸಿ ಅಂತ ಮೇಲಿನ ಸಾಯೇಬ್ರಿಗೆ ಅರ್ಜಿ ಬರೀಬೇಕು. ಅದು ಯಾವ ಕಾಲಕ್ಕೆ ಆದದೋ ಏಳಕಾಗಲ್ಲ. ಎಲ್ಲಿ ಕಾರ್ಡು?” ಎಂದ.

ಕಾರ್ಡು ಮುಡಿಪಿನಲ್ಲಿತ್ತು.

ನಮ್ಮಲ್ಲಿ ಹರಕೆ ಹೊತ್ತರೆ ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಗೂಡಿನಲ್ಲಿಡುತ್ತೇವೆ. ಹರಕೆ ತೀರಿ ಸನ್ನಿಧಿಗೆ ಒಪ್ಪಿಸುವವರೆಗೆ ಆ ಗಂಟು ಬಿಚ್ಚುವಂತಿಲ್ಲ. ಯಂತ್ರ ಹಾಳಾದ ವಾರವೇ, ಮಗು ನನ್ನನ್ನು ಅಜ್ಜಿ ಎಂದು ಕರೆದ ಮೇಲೆ ತಂದು ಒಪ್ಪಿಸುತ್ತೇನೆಂದು ನಂಜುಂಡಪ್ಪನಿಗೆ ಹೇಳಿಕೊಂಡು ನೂರಾ ಒಂದು ರೂಪಾಯಿ ಕಟ್ಟಿದ್ದೆ. ಪರಿಹಾರ ತಂದುಕೊಟ್ಟ ಕಾರ್ಡು, ದೇವರ ಹತ್ತಿರ ಭದ್ರವಾಗಿರಲಿ ಎಂದು ಅದನ್ನೂ ಒಳಗಿಟ್ಟಿದ್ದೆ. ಮಗು ಕರೆಯದೆ ಗಂಟು ಬಿಚ್ಚುವಂತಿಲ್ಲ. ಗಂಟು ಬಿಚ್ಚದೆ ದುಡ್ಡು ಬರುವಂತಿಲ್ಲ. ದುಡ್ಡು ಬಾರದೆ ಮಗು ಕರೆಯುವಂತಿಲ್ಲ.

ಕಾರ್ಡಿನ ನಂಬರನ್ನು ಆಧಾರ್ ಕಾರ್ಡಿನಿಂದ ತೆಗೆಯಲು ಲೋಕೇಶ ನೋಡಿದ. ಅದಕ್ಕೆ ಸೇರಿಸಿದ್ದ ಫೋನು ತೀರಿಹೋದ ನಮ್ಮ ಯಜಮಾನರದು. ಅವರ ಹಿಂದೆಯೇ ಅದೂ ನಿಂತಿತ್ತು.

ಮನೆಯಲ್ಲಿ ಜಗಳವಾಯಿತು. ಮಗ ಮಹದೇವ, “ಬಿಚ್ಚವ್ವ, ದೇವ್ರೇನು ಬಂದು ಗಂಟು ನೋಡಾನಾ?” ಎಂದ.

“ಮಗಿನ ಮೇಲೆ ಕಟ್ಟಿರೋ ಗಂಟು ಕಣ್ಲಾ. ನನ್ ಮೇಲಿನದಾಗಿದ್ರೆ ಆಗ್ಲೇ ಬಿಚ್ಚಿ ಬಿಸಾಕ್ತಿದ್ದೆ” ಎಂದೆ.

ಮೂವತ್ತೊಂದಕ್ಕೆ ಎರಡು ದಿನ ಇರುವಾಗ ಮುಡಿಪನ್ನು ಮಡಿಲಲ್ಲಿ ಕಟ್ಟಿಕೊಂಡು, ಸೊಸೆ ಮಗುವಿನ ಜೊತೆ ಮೊದಲ ಬಸ್ಸಿಗೆ ನಂಜನಗೂಡಿಗೆ ಹೋದೆ. ಸ್ವಾಮಿಯ ಮುಂದೆ ನಿಂತು ಬಿಚ್ಚಲು ಅಪ್ಪಣೆ ಕೇಳುವುದೆಂದು ನನ್ನ ಲೆಕ್ಕ. ಜನವೋ ಜನ. ನನ್ನ ಸರದಿ ಬಂದು ಬಾಯಿ ತೆರೆಯುವಷ್ಟರಲ್ಲಿ “ಮುಂದಕ್ಕೆ ನಡೀರಿ, ಮುಂದಕ್ಕೆ” ಎಂದು ಹಿಂದಿನವರು ನೂಕಿದರು. ಅಪ್ಪಣೆಯೂ ಇಲ್ಲ, ಏನೂ ಇಲ್ಲ. ಎಪ್ಪತ್ತು ವರ್ಷ ಕೈಮುಗಿದದ್ದಕ್ಕೆ ಇಷ್ಟೇನಾ ಎಂದು ಸಿಟ್ಟು ನೆತ್ತಿಗೇರಿತು. ನಿನ್ನ ಗಂಟು ನೀನೇ ಇಟ್ಟುಕೋ ಎಂದು ಮುಡಿಪನ್ನು ಕಾರ್ಡಿನ ಸಮೇತ ಹುಂಡಿಯ ಬಾಯಿಗೆ ಹಿಡಿದೆ. ಅದು ಒಳಗೆ ಬಿದ್ದಿದ್ದರೆ ಎಲ್ಲವೂ ಮುಗಿಯುತ್ತಿತ್ತು.

“ಅತ್ತೆ, ಬ್ಯಾಡಿ!” ಎಂದು ಮಂಜುಳ ಮೊಣಕೈ ಹಿಡಿದಳು. ಪಕ್ಕದಲ್ಲಿ ಬಾಳೆಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದ ದಪ್ಪನೆಯ ಹೆಂಗಸು, ನನಗಿಂತ ಹಿರಿಯಳು, ಮುಡಿಪನ್ನು ಹೊರಗಿಂದಲೇ ಒತ್ತಿ ನೋಡಿದಳು.

“ಇದೇನವ್ವ ಗಟ್ಟಿಯಾಗದೆ ಒಳ್ಗೆ?”

“ಪ್ಯಾನ್ ಕಾರ್ಡು.”

“ಅಯ್ ನಿನ್ನ! ದೇವ್ರೇನು ಬ್ಯಾಂಕಲ್ಲಿ ಸಾಲ ಎತ್ತಾನಾ ಅದ ಮಡಿಕ್ಕಂಡು?”

ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಮಗುವನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ಅರಕೆ ಕಟ್ಟಿದ್ದು ಕಾಸ್ಗೆ ತಾನೆ? ಕಾರ್ಡು ನೀನು ಸುಮ್ನೆ ಸೇರ್ಸಿದ್ದು. ಮನೇಲಿ ಬಿಚ್ಚುದ್ರೆ ಕದ್ದಂಗೆ. ಇಲ್ಲಿ ಅವನ ಕಣ್ಮುಂದೆ ಬಿಚ್ಚಿ, ನಿಂದು ನೀನು ತಕ್ಕೊಂಡು, ಅವಂದು ಅವನ ಮುಂದೇನೆ ತಿರ್ಗ ಕಟ್ಟು. ಅರಕೆ ಎಲ್ಲಿಗೋದದು? ಅಂಗೇ ಇರ್ತದೆ.”

ನಲವತ್ತು ಮನೆಯ ಪಂಚಾಯ್ತಿ ಮಾಡಿದವಳು ನಾನು. ಇಷ್ಟು ನನಗೆ ಹೊಳೆದಿರಲಿಲ್ಲ. ಗರ್ಭಗುಡಿ ಕಾಣುವ ಕಂಬದ ಹತ್ತಿರ ಕುಳಿತು ಬಿಚ್ಚಿದೆ. ಕಾರ್ಡು ತೆಗೆದು ಸೊಸೆಗೆ ಕೊಟ್ಟು, ಕಾಸನ್ನು ಮತ್ತೆ ಕಟ್ಟಿದೆ. ತಲೆಯೆತ್ತುವಷ್ಟರಲ್ಲಿ ಆ ಹೆಂಗಸು ಜನದೊಳಗೆ ಹೋಗಿದ್ದಳು. ಅವಳು ಯಾವ ಊರಿನವಳೋ ತಿಳಿಯದು. ಕೇಳಿದ ಅಪ್ಪಣೆ ಅವಳ ಬಾಯಲ್ಲಿ ಬಂತೆಂದು ನಾನು ನಂಬಿದ್ದೇನೆ.

ಮಧ್ಯಾಹ್ನದ ಬಸ್ಸಿಗೆ ನರಸೀಪುರಕ್ಕೆ ವಾಪಸಾಗಿ ಅವತ್ತೇ ಲೋಕೇಶನಿಂದ ರಿಟರ್ನ್ ಹಾಕಿಸಿದೆವು. ದಂಡ ಬೀಳಬಹುದೆಂದು ಹೆದರಿದ್ದೆ. ನನ್ನ ಆದಾಯ ತೆರಿಗೆಯ ಮಿತಿಯೊಳಗಿದ್ದ ಕಾರಣ ಅದೂ ಬೀಳಲಿಲ್ಲ. ಫೋನಿನಲ್ಲಿ ಒಪ್ಪಿಗೆ ಕೊಡಲು ಆಗದೆ ಅವನು ತೆಗೆದುಕೊಟ್ಟ ಕಾಗದಕ್ಕೆ ಸಹಿ ಹಾಕಿ ಬೆಂಗಳೂರಿಗೆ ಸ್ಪೀಡ್ ಪೋಸ್ಟ್ ಮಾಡಿದೆ. ತಿಂಗಳೊಳಗೆ ಅದು ಸೇರದಿದ್ದರೆ ಹಾಕಿದ್ದೂ ಹಾಕದಂತೆಯೇ ಎಂದ.

ಶಿವರಾತ್ರಿಗೆ ಮುಂಚೆ ದುಡ್ಡು ಬ್ಯಾಂಕಿಗೆ ಬಂತು. ಮಾರನೆಯ ದಿನವೇ ಮೈಸೂರಿಗೆ ಹೋಗಿ ಯಂತ್ರ ಹಾಕಿಸಿದೆವು. ‘ಬಾ’ ವಾರದಲ್ಲಿ ತಿರುಗಿ ಬಂತು. ‘ಹಾಲು’ ತಡವಾಯಿತು.

ನನ್ನಂತೆ ಮರೆತವರಿದ್ದರೆ ಕೇಳಿ. ಹೆದರಿ ಮನೆಯಲ್ಲಿ ಕೂರಬೇಡಿ, ಡಿಸೆಂಬರ್ ಮುಗಿಯುವುದರೊಳಗೆ ತಿಳಿದವರ ಹತ್ತಿರ ಹೋಗಿ. ಮುಡಿಪಿಗೆ ಕಾಸು ಮಾತ್ರ ಕಟ್ಟಿ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಎಮ್ಮೆಗೆ ಹುಲ್ಲು ಹಾಕಲಿಲ್ಲವೆಂದು ಮಹದೇವನಿಗೆ ಜೋರಾಗಿ ಬೈಯುತ್ತಿದ್ದೆ. ಪೂರ್ವಿಕಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಬಂದು ನನ್ನ ಮುಂದೆ ನಿಂತಳು.

“ಅಜ್ಜಿ, ಸುಮ್ಕಿರು!”

ಸುಮ್ಮನಾದೆ. ಕೈಕಾಲು ತೊಳೆದು, ಮುಡಿಪು ತೆಗೆದುಕೊಂಡು, ಸಿಕ್ಕ ಬಸ್ಸು ಹತ್ತಿದೆ. ನಂಜುಂಡಪ್ಪ, ನೀನು ದೊಡ್ಡವನು.