ಮೋಡ ನೋಡುತ್ತಿದ್ದ ನರ್ಸಮ್ಮ

ನರ್ಸಮ್ಮನ ಕೊಡೆ ಕಪ್ಪೋ ನೀಲಿಯೋ, ಈಗ ಖಚಿತವಿಲ್ಲ. ಇಸವಿ ಎಪ್ಪತ್ತಾರು ಇರಬೇಕು, ತುರ್ತು ಪರಿಸ್ಥಿತಿಯ ಕಾಲ. ಅರ್ಧ ನಾನು ಕಂಡದ್ದು, ಅರ್ಧ ಅಪ್ಪ ಹೇಳಿದ್ದು.

ಹೊನ್ನಾಳಿ ಕಡೆಯ ನಮ್ಮೂರಿನ ಸಣ್ಣ ಆಸ್ಪತ್ರೆಯಲ್ಲಿ ಅಪ್ಪ ಗುಮಾಸ್ತರು. ಅಲ್ಲಿನ ನರ್ಸಮ್ಮ ಊರಿಗೆಲ್ಲ ಒಬ್ಬರೇ ಕ್ರೈಸ್ತರು. ಬೆಳಿಗ್ಗೆ ಬೈಬಲ್ ಓದಿ, ಮೋಡ ನೋಡಿಯೇ ಮನೆಯಿಂದ ಹೊರಡುತ್ತಿದ್ದರು. ಯಾರಾದರೂ "ಕಾಲ ಹಿಂಗೈತೆ, ಏನ್ ಮಾಡಾಕಾಗುತ್ತೆ" ಎಂದರೆ, "ಮೋಡ ನೋಡಿ ಮಳೆ ಹೇಳ್ತೀರಿ, ಕಾಲ ನೋಡಿ ನ್ಯಾಯ ಹೇಳಾಕೆ ಬರಲ್ವೇನ್ರಿ? ಯೇಸುಸ್ವಾಮಿ ಕೇಳಿದ್ದೂ ಇದನ್ನೇ" ಎಂದು ನಗುತ್ತಿದ್ದರು.

ಆಗ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯ ಪ್ರತಿಯೊಬ್ಬರೂ, ಗುಮಾಸ್ತರೂ ಸೇರಿ, ಇಂತಿಷ್ಟು ಜನರನ್ನು ತರಲೇಬೇಕೆಂದು ಮೇಲಿನಿಂದ ಹುಕುಂ. ಒಂದು ದಿನ ಎಮ್ಮೆ ಕಾಯುವವನೊಬ್ಬನನ್ನು ತಂದು ಕೂರಿಸಿದ್ದರು. ಅವನ ಒಪ್ಪಿಗೆ ಕಾಗದಕ್ಕೆ ನರ್ಸಮ್ಮ ಸಾಕ್ಷಿ ಸಹಿ ಹಾಕಬೇಕು. ಅವನು ಬಾಯಿ ಅಗಲಿಸಿದ.

"ಈ ಹಲ್ಲು ನೋಡ್ರಿ ನರ್ಸಮ್ಮ, ಬೇಗ ಕೀಳ್ರಿ."

"ಹೆಂಡ್ರು ಮಕ್ಕಳು?"

"ಮದುವೆ ಆಗಿದ್ರೆ ಹೆಂಡ್ತಿ ಕೈಯಾಗೆ ಹಲ್ಲು ಇಲ್ಲೀ ತಂಕ ಉಳೀತಿತ್ತೇನ್ರಿ?"

ನರ್ಸಮ್ಮ ಬಿದ್ದುಬಿದ್ದು ನಕ್ಕರು. ಸಹಿ ಹಾಕಲಿಲ್ಲ. ಹಲ್ಲಿಗೆ ಲವಂಗದೆಣ್ಣೆ ಹಚ್ಚಿ ಅವನನ್ನು ಮನೆಗೆ ಕಳಿಸಿದರು.

"ಕೆಲಸಕ್ಕೆ ಕುತ್ತು ಬರ್ತದೆ" ಎಂದರಂತೆ ಅಪ್ಪ.

"ಬರ್ಲಿ ಬಿಡ್ರಿ ಗುಮಾಸ್ತ್ರೇ. ನಾಳೆ ಬೈಬಲ್ ತೆಗೆಯಾಕೂ ಇದೇ ಕೈ ಬೇಕಲ್ಲ."

ವಾರದೊಳಗೆ ನರ್ಸಮ್ಮನಿಗೆ ಜಗಳೂರಿನಾಚೆಗೆ ವರ್ಗವಾಯಿತು. ಬಸ್ ಹತ್ತುವಾಗ ಕೊಡೆಯನ್ನು ನನ್ನ ಕೈಗಿತ್ತರು. "ಅಲ್ಲಿ ಮಳೇನೇ ಇಲ್ಲಂತೆ ಮಗಾ, ಇದು ನಿಂಗಿರ್ಲಿ. ಮೋಡ ಮಾತ್ರ ನೋಡ್ತಿರು."

ಹಲ್ಲಿನ ಕಥೆಯನ್ನು ಅಪ್ಪ ಇಂದಿಗೂ ನಗುತ್ತಲೇ ಹೇಳುತ್ತಾರೆ. ಕಳೆದ ಸಲ ಊರಿಗೆ ಹೋದಾಗ ನಾನು ಕೇಳಿದ್ದಕ್ಕೆ ಮಾತ್ರ ನಗು ನಿಲ್ಲಿಸಿ, ಮೋಡ ನೋಡುವವರಂತೆ ಅಂಗಳಕ್ಕೆ ಎದ್ದು ಹೋದರು: "ಅಪ್ಪಾ, ಹಲ್ಲು ಕೀಳ್ತಾರೆ ಅಂತ ಹೇಳಿ ಅವನನ್ನ ಕರ್ಕೊಂಡು ಬಂದಿದ್ದು ಯಾರು?"