ಮೀಟರಣ್ಣನ ಅಂಗಡಿಯಲ್ಲಿ ನಾಲ್ಕು ಗಂಟೆ ನಿದ್ದೆ

ನನ್ನ ನಿದ್ದೆಗೆ ಒಂದು ಪ್ಲಗ್ ಇದೆ. ಹಾಸಿಗೆ, ದಿಂಬು, ಹೊದಿಕೆ ಎಲ್ಲ ಇದ್ದರೂ ಗೋಡೆಯಲ್ಲಿ ಕರೆಂಟು ಇಲ್ಲದಿದ್ದರೆ ನಾನು ಮಲಗುವಂತಿಲ್ಲ. ಮಲಗಿದರೆ ಗಂಟಲ ಹಿಂಭಾಗ ಹಳೇ ಅಂಗಡಿಯ ಶಟರಿನ ಹಾಗೆ ಇಳಿದುಬಿಡುತ್ತದೆ. ಉಸಿರು ನಿಲ್ಲುತ್ತದೆ. ಅರ್ಧ ನಿಮಿಷದ ಮೇಲೆ ಮೈಯೆಲ್ಲ ಅದುರಿ, ಮುಳುಗಿದವನು ನೀರಿನಿಂದ ತಲೆ ಎತ್ತಿದ ಹಾಗೆ, ಗೊರಕ್ಕೆಂದು ಮತ್ತೆ ಶುರುವಾಗುತ್ತದೆ. ಗಂಟೆಗೆ ಮೂವತ್ತೆಂಟು ಸಲ ಎಂದು ಆಸ್ಪತ್ರೆಯವರು ಎಣಿಸಿ ಹೇಳಿದ್ದರು. ಜೀವನದಲ್ಲಿ ನಾನು ಅಷ್ಟು ಕ್ರಮವಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.

ಅಂದಿನಿಂದ ದಿಂಬಿನ ಪಕ್ಕ ಒಂದು ಮೆಷಿನ್ ಕೂತಿದೆ. ಅದರಿಂದ ಹೊರಟ ಕೊಳವೆ ನನ್ನ ಮೂಗಿನ ಮೇಲಿನ ಮಾಸ್ಕಿಗೆ ಬಂದು, ಗಾಳಿ ಒತ್ತಿ ಗಂಟಲನ್ನು ತೆರೆದಿಡುತ್ತದೆ. "ಆನೆ ಜೊತೆ ಸಂಸಾರ ಮಾಡಿದ ಹಾಗಿದೆ" ಎಂದಳು ನನ್ನಾಕೆ ಮೊದಲ ದಿನ. ಸೊಂಡಿಲನ್ನು ನೋಡಿ ಹೇಳಿದಳೋ, ಹೊಟ್ಟೆಯನ್ನು ನೋಡಿ ಹೇಳಿದಳೋ ಕೇಳುವ ಧೈರ್ಯ ಬರಲಿಲ್ಲ.

ನಾನು ಪತ್ರಿಕೆಯ ಪ್ರೂಫ್ ತಿದ್ದುವವನು. ಊರು ಮಲಗಿದಾಗ ನನ್ನ ಕೆಲಸ, ಊರು ಎದ್ದ ಮೇಲೆ ನನ್ನ ನಿದ್ದೆ. ಹಾಗಾಗಿ ನಮ್ಮ ಬೀದಿಯ ಹಳೆಯ ತಂತಿ ಕಿತ್ತು ನೆಲದಡಿಗೆ ಕೇಬಲ್ ಹಾಕುತ್ತಾರೆಂದೂ, ಆರು ವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಕರೆಂಟು ಇರುವುದಿಲ್ಲವೆಂದೂ ಕಂಬಕ್ಕೆ ಚೀಟಿ ಅಂಟಿಸಿದಾಗ, ಬೀದಿಯವರೆಲ್ಲ ಫ್ರಿಜ್ಜಿನ ಚಿಂತೆ ಮಾಡಿದರೆ ನಾನು ಉಸಿರಿನ ಚಿಂತೆ ಮಾಡಿದೆ. ಚೀಟಿಯಲ್ಲಿ ಎರಡು ಅಕ್ಷರ ತಪ್ಪಿದ್ದವು. ಆ ಗಾಬರಿಯಲ್ಲೂ ಅದು ಕಣ್ಣಿಗೆ ಬಿತ್ತು, ಹುಟ್ಟುಗುಣ.

ಹೀಗೆ ಹೋಗಿ ಮುಟ್ಟಿದ್ದು ಪಕ್ಕದ ಬೀದಿಯ ಮೀಟರಣ್ಣನ ಬ್ಯಾಟರಿ ಅಂಗಡಿಗೆ. ಹೆಸರು ಬೇರೆ ಇರಬೇಕು, ಯಾರಿಗೂ ನೆನಪಿಲ್ಲ. ಡಾಕ್ಟರರ ಕೊರಳಲ್ಲಿ ಸ್ಟೆತೊಸ್ಕೋಪ್ ಇರುವಂತೆ ಇವರ ಕೊರಳಲ್ಲಿ ಕೆಂಪು ಕಪ್ಪು ವೈರುಗಳ ಮೀಟರ್ ಸದಾ ತೂಗುತ್ತಿರುತ್ತದೆ. ದಪ್ಪ ಕುತ್ತಿಗೆ, ದಪ್ಪ ಕನ್ನಡಕ, ಬೆರಳ ತುದಿಯಲ್ಲೆಲ್ಲ ಬೆಸುಗೆ ಕಡ್ಡಿ ತಾಗಿದ ಕಪ್ಪು ಕಲೆ. ಕಿರಿದಾದ ಉದ್ದನೆಯ ಅಂಗಡಿ. ಎರಡೂ ಗೋಡೆಗೆ ಬ್ಯಾಟರಿಗಳ ಸಾಲು. ಚಾರ್ಜಿಗಿಟ್ಟವುಗಳ ಮೇಲೆ ಒಂದೊಂದು ಹಸಿರು ದೀಪ. ಒಳಗೆ ನಡೆದಷ್ಟೂ ಬೀದಿಯ ಸದ್ದು ಹಿಂದೆ ಸರಿದು, ಕೊನೆಗೆ ಆ ಹಸಿರು ಚುಕ್ಕಿಗಳು ಮತ್ತು ಒಂದು ಸಣ್ಣ ಗುಂಯ್‌ಗುಡುವಿಕೆ ಮಾತ್ರ ಉಳಿಯುತ್ತವೆ.

"ಏಳು ಗಂಟೆ ಬರೋ ಬ್ಯಾಟರಿ ಕೊಡಿ" ಎಂದೆ.

"ಯಾರ ಏಳು ಗಂಟೆ?" ಎಂದರು.

"ನನ್ನದೇ."

"ಹಾಗಾದ್ರೆ ನಾಳೆ ಹನ್ನೆರಡಕ್ಕೆ ಮೆಷಿನ್ ತಗೊಂಡು ಬನ್ನಿ. ಇಲ್ಲಿ ನಾಲ್ಕು ಗಂಟೆ ಮಲಗ್ಬೇಕು. ಎಷ್ಟು ಕುಡೀತೀರಾ ನೋಡಿ ಆಮೇಲೆ ಕೊಡ್ತೀನಿ."

ಕುಡಿಯುವುದೆಂದರೆ ಕರೆಂಟು. ನನ್ನ ಮುಖ ನೋಡಿ ಅವರೇ ಬಿಡಿಸಿ ಹೇಳಿದರು. ಹಿಂದೊಮ್ಮೆ ಒಬ್ಬ ನಿವೃತ್ತ ಬಸ್ ಡ್ರೈವರ್‌ಗೆ, ಕುರ್ಚಿಯಲ್ಲಿ ಕೂರಿಸಿ ಹತ್ತು ನಿಮಿಷ ಉಸಿರಾಡಿಸಿ, ಲೆಕ್ಕ ಹಾಕಿ, ಎಂಟು ಗಂಟೆ ಬರುತ್ತದೆಂದು ಬ್ಯಾಟರಿ ಕೊಟ್ಟಿದ್ದರಂತೆ. ಐದು ಗಂಟೆಗೇ ಅದು ಕೈಕೊಟ್ಟಿತು. ಆತ ಬಾಯಿಬಾಯಿ ಬಿಡುತ್ತ ಎದ್ದು ಕೂತರಂತೆ. "ಎಚ್ಚರ ಇರೋವಾಗ ಗಂಟಲು ತೆಗೆದೇ ಇರುತ್ತೆ, ಮೆಷಿನ್ನಿಗೆ ಕೆಲಸ ಕಮ್ಮಿ. ನಿದ್ದೆ ಬಂದು ಗಂಟಲು ಮುಚ್ಚಿದಾಗ ತಾನೇ ಅದು ಜೋರಾಗಿ ಒತ್ತೋದು? ಎಚ್ಚರ ಇರೋ ಮನುಷ್ಯನ ಉಸಿರು ಸುಳ್ಳು ಹೇಳುತ್ತೆ ಸಾರ್. ಅವತ್ತಿಂದ ನಾನು ನಂಬೋದು ಇದನ್ನ ಒಂದೇ" ಎಂದು ರೂಲು ಹಾಕಿದ ಒಂದು ದಪ್ಪ ನೋಟ್‌ಬುಕ್ ತಟ್ಟಿದರು. ಹದಿನೈದು ನಿಮಿಷಕ್ಕೊಂದು ಸಾಲು: ಸಮಯ, ವೋಲ್ಟ್, ಷರಾ. ಒಂದು ಸಾಲು ತಪ್ಪಿದರೂ ಇಡೀ ಪರೀಕ್ಷೆ ರದ್ದು, ಮತ್ತೆ ಬಂದು ಮಲಗಬೇಕು.

ಅವರು ಯಾವುದೋ ವೈರು ಹುಡುಕಲು ಒಳಗೆ ಹೋದಾಗ ಕೌಂಟರಿನಲ್ಲಿದ್ದ ಹೆಂಗಸು ದನಿ ತಗ್ಗಿಸಿ ನನ್ನನ್ನು ಕರೆದರು. ಮೀಟರಣ್ಣನ ಹೆಂಡತಿ, ಅಂಗಡಿಗೆ ಬರುವವರಿಗೆಲ್ಲ ಅತ್ತಿಗೆ. ಕಣ್ಣಿನ ಕೆಳಗೆ ಎರಡೆರಡು ಕಪ್ಪು ಉಂಗುರ.

"ನಿಮಗೂ ಉಸಿರು ನಿಲ್ಲುತ್ತಾ?"

"ನಿಲ್ತಿತ್ತು, ಅತ್ತಿಗೆ."

"ಇವ್ರದ್ದೂ ನಿಲ್ಲುತ್ತೆ. ನಾನು ಪಕ್ಕದಲ್ಲಿ ಎಣಿಸ್ತಾ ಮಲಗಿರ್ತೀನಿ. ಇಪ್ಪತ್ತು ದಾಟಿದ್ರೆ ಮೊಣಕೈಲಿ ತಿವೀತೀನಿ. ಹೋದ ತಿಂಗಳು ಸಿಗ್ನಲ್ ಹತ್ರ ಸ್ಕೂಟರ್ ಮೇಲೇ ತೂಕಡಿಸಿ ಮುಂದಿನ ಬಸ್ಸಿಗೆ ಹೋಗಿ ಗುದ್ದಿದ್ರು. ಬಸ್ಸು ನಿಂತಿತ್ತು, ಪುಣ್ಯ. ಒಂದಿನ ನಿಂತಿರಲ್ಲ. ಆಸ್ಪತ್ರೆಗೆ ಬನ್ನಿ ಅಂದ್ರೆ 'ನಾನು ಮೇಜಿನ ಈ ಕಡೆ ಕೂರೋನು, ಆ ಕಡೆ ಅಲ್ಲ' ಅಂತಾರೆ. ನೀವು ಓದಿದವರು, ಒಂದು ಮಾತು ಹೇಳಿ."

ಓದಿದವನು ನಿಜ, ಆದರೆ ಬೇರೆಯವರು ಬರೆದದ್ದನ್ನು. ಸ್ವಂತ ಮಾತು ಆಡಿ ನನಗೆ ರೂಢಿಯಿಲ್ಲ. ಆದರೂ ಮೀಟರಣ್ಣ ಹೊರಗೆ ಬಂದಾಗ ಧೈರ್ಯ ಮಾಡಿ, "ನೀವೂ ಒಮ್ಮೆ ನಿದ್ದೆಯ ಪರೀಕ್ಷೆ ಮಾಡಿಸಬಹುದಲ್ಲ ಅಣ್ಣಾ" ಎಂದೆ.

ಅವರು ಹೆಂಡತಿಯ ಕಡೆ ಒಂದು ನೋಟ ಬೀರಿ, ಎದೆಯುಬ್ಬಿಸಿ, ಮೂಗಿನಿಂದ ಗಾಳಿ ಎಳೆದು ಬಾಯಿಂದ ಬಿಟ್ಟು ತೋರಿಸಿದರು. "ನೋಡಿದ್ರಾ? ಫಸ್ಟ್ ಕ್ಲಾಸ್. ಇವಳಿಗೆ ಲೆಕ್ಕ ಬರಲ್ಲ, ಒಂದಕ್ಕೆ ಇಪ್ಪತ್ತು ಅಂತಾಳೆ."

"ಮದುವೆಯಾದಾಗಿಂದ ಹಾಗೇ ಎಣಿಸ್ಕೊಂಡು ಬಂದಿದೀನಿ, ಇಲ್ಲಾಂದ್ರೆ ಬಾಳೋಕಾಗ್ತಿತ್ತಾ?" ಎಂದರು ಅತ್ತಿಗೆ. ನಾನು ಅಲ್ಲಿಂದ ಮೆಲ್ಲಗೆ ಜಾರಿಕೊಂಡೆ.

ಮರುದಿನ ಹನ್ನೆರಡಕ್ಕೆ ಮೆಷಿನ್ನನ್ನು ಕೂಸಿನಂತೆ ಎತ್ತಿಕೊಂಡು ಹೋದೆ. ಅಂಗಡಿಯ ಹಿಂಭಾಗದಲ್ಲಿ ಮಡಚುವ ಮಂಚ, ಬೂದು ಕಂಬಳಿ, ಹಳೆಯ ಜಾಹೀರಾತಿನ ಬಟ್ಟೆಯ ಪರದೆ. ಪರದೆಯ ಮೇಲೆ ಯಾರದೋ ಅರ್ಧ ನಗು. ಬಿಳಿಯ ಹಲ್ಲಿನ ಸಾಲೊಂದು ಗಾಳಿಗೆ ತೂಗುತ್ತಿತ್ತು. ಮೆಷಿನ್ನಿನಲ್ಲಿ ಗಾಳಿಗೆ ತೇವ ಕೊಡುವ ನೀರಿನ ಡಬ್ಬಿಯ ಹೀಟರನ್ನು ಮೀಟರಣ್ಣ ಮೊದಲು ಆರಿಸಿದರು. "ಅರ್ಧಕ್ಕರ್ಧ ಕರೆಂಟು ಇದೇ ಕುಡಿಯೋದು. ಆರು ವಾರ ಮೂಗು ಸ್ವಲ್ಪ ಒಣಗಲಿ, ಸಾಯಲ್ಲ." ಬ್ಯಾಟರಿಯಿಂದ ಮೆಷಿನ್ನಿಗೆ ನೇರವಾಗಿ ಹೋಗುವ ಪುಟ್ಟ ಡಬ್ಬಿಯೊಂದನ್ನು ಸಿಕ್ಕಿಸಿದರು. ಇನ್ವರ್ಟರ್ ಮೂಲಕ ಕೊಟ್ಟರೆ ವೋಲ್ಟ್ ಏರಿಸಿ ಇಳಿಸುವುದರಲ್ಲೇ ಒಂದು ಪಾಲು ಸೋರಿಹೋಗುತ್ತದಂತೆ. ಆಮೇಲೆ ಸ್ಟೂಲಿನ ಮೇಲೆ ನೋಟ್‌ಬುಕ್ ತೆರೆದು ಕೂತು, "ಹೂಂ, ಮಲಗಿ" ಎಂದರು, ಮೇಷ್ಟ್ರು ಮಗ್ಗಿ ಒಪ್ಪಿಸು ಎಂದ ಹಾಗೆ.

ಬೇರೆಯವರಿಗೆ ಹೀಗೆಲ್ಲ ನಿದ್ದೆ ಬರುವುದಿಲ್ಲವೇನೋ. ರಾತ್ರಿಯಿಡೀ ಅಕ್ಷರಗಳನ್ನು ದಿಟ್ಟಿಸಿದವನಿಗೆ ಎಲ್ಲಿಯಾದರೂ ಬರುತ್ತದೆ. ಮಾಸ್ಕಿನೊಳಗೆ ಗಾಳಿ ತುಂಬಿತು. ಹಸಿರು ದೀಪಗಳು ಒಂದೊಂದಾಗಿ ಗೋಡೆ ಬಿಟ್ಟು ಇಳಿದು ಬಂದವು. ಮಂಚಕ್ಕೆ ದಡವೇ ಇರಲಿಲ್ಲ. ನಾನೊಂದು ದೋಣಿಯಲ್ಲಿದ್ದೆ; ಹಾಯಿಗೆ ಗಾಳಿ ತುಂಬುತ್ತಿದ್ದದ್ದು ನನ್ನ ಉಸಿರೇ; ನೀರಿನ ತುಂಬ ಅಚ್ಚಾಗದ ಅಕ್ಷರಗಳು ಮೀನಿನ ಮರಿಗಳಂತೆ ಓಡುತ್ತಿದ್ದವು, ಒಂದನ್ನೂ ತಿದ್ದಬೇಕಾಗಿರಲಿಲ್ಲ. ದಂಡೆಯಲ್ಲಿ ಯಾರೋ ಕೂತು ನನ್ನ ಪ್ರತಿ ಅಲೆಯನ್ನೂ ಬರೆದುಕೊಳ್ಳುತ್ತಿದ್ದರು. ಅಷ್ಟು ನಿಶ್ಚಿಂತೆ ನನಗೆ ತಾಯಿಯ ಮಡಿಲು ಬಿಟ್ಟ ಮೇಲೆ ಸಿಕ್ಕಿರಲಿಲ್ಲ.

ದೂರದಲ್ಲಿ ಹಡಗೊಂದು ಕೂಗಿತು. ಮತ್ತೆ ಕೂಗಿತು. ಆಮೇಲೆ ನಿಂತಿತು. ಆ ನಿಂತದ್ದಕ್ಕೇ ನನಗೆ ಎಚ್ಚರವಾಯಿತು.

ಹಡಗು ಸ್ಟೂಲಿನ ಮೇಲಿತ್ತು. ಮೀಟರಣ್ಣ ಗೋಡೆಗೆ ತಲೆಯಾನಿಸಿ, ಬಾಯಿ ತೆರೆದು ಮಲಗಿದ್ದರು. ಪೆನ್ನು ಇನ್ನೂ ಬೆರಳಲ್ಲೇ ಇತ್ತು. ಒಂದೂಮುಕ್ಕಾಲರ ಸಾಲಿನಿಂದ ಹೊರಟ ಗೆರೆ ಹಾಳೆಯ ಅಂಚಿನವರೆಗೆ ಜಾರಿಹೋಗಿತ್ತು. ಎದೆ ಅಲುಗುತ್ತಿರಲಿಲ್ಲ. ಎರಡು, ಮೂರು, ನಾಲ್ಕು… ನಾನೂ ಎಣಿಸಿದೆ. ಇಷ್ಟು ವರ್ಷ ನನ್ನಾಕೆ ಕತ್ತಲಲ್ಲಿ ಎಣಿಸುತ್ತಿದ್ದದ್ದು ಇದನ್ನೇ ಎಂದು ಆಗ ಹೊಳೆಯಿತು. ಹದಿನೆಂಟಕ್ಕೆ ಅವರ ಮೈ ಅದುರಿ ಉಸಿರು ಮರಳಿತು.

ಮಾಸ್ಕ್ ತೆಗೆದೆ. ಎಬ್ಬಿಸಬೇಕೆನ್ನಿಸಿತು. ಎಬ್ಬಿಸಿ ಹೇಳಿದರೆ ನಂಬುವ ಪ್ರಾಣಿಯಲ್ಲ ಇದು. ನೋಟ್‌ಬುಕ್ಕನ್ನು ಮೆಲ್ಲಗೆ ಜಾರಿಸಿಕೊಂಡು, ಕೊನೆಯ ಹಾಳೆ ತೆರೆದು, ಅವರದೇ ಕ್ರಮದಲ್ಲಿ ರೂಲು ಹಾಕಿ ಬರೆಯತೊಡಗಿದೆ. ಎರಡು ಗಂಟೆ ಹತ್ತು ನಿಮಿಷ: ನಿಂತಿತು, ಹದಿನೆಂಟು ಸೆಕೆಂಡು. ಹನ್ನೆರಡು: ನಿಂತಿತು, ಇಪ್ಪತ್ತೆರಡು. ಹದಿಮೂರು: ನಿಂತಿತು, ಮೂವತ್ತೊಂದು. ಆ ಮೂವತ್ತೊಂದರಲ್ಲಿ ನನ್ನ ಕೈ ಅವರ ಭುಜದವರೆಗೆ ಹೋಗಿ, ಅವರು ಉಸಿರೆಳೆದ ಮೇಲೆ ಹಿಂದಕ್ಕೆ ಬಂತು. ಇಪ್ಪತ್ತು ನಿಮಿಷಕ್ಕೆ ಹದಿಮೂರು ಸಾಲು ತುಂಬಿದವು. ಹಾಳೆ ಹರಿದು ಜೇಬಿಗಿಟ್ಟು, ನೋಟ್‌ಬುಕ್ಕನ್ನು ಅದರ ಜಾಗಕ್ಕೆ ಸೇರಿಸಿ, ಮಾಸ್ಕ್ ಹಾಕಿಕೊಂಡು, ಜೋರಾಗಿ ಕೆಮ್ಮಿದೆ.

ಅವರು ದಡಬಡಿಸಿ ಎದ್ದು ಗಡಿಯಾರ ನೋಡಿದರು, ಗೆರೆ ನೋಡಿದರು. ಮುಖ ಕೆಂಪಾಯಿತು.

"ನಿದ್ದೆ ಅಲ್ಲ. ಕಣ್ಣು ಮುಚ್ಚಿ ಯೋಚನೆ ಮಾಡ್ತಿದ್ದೆ" ಎಂದರು, ನಾನೇನೂ ಕೇಳುವ ಮೊದಲೇ. "ಎರಡು ಸಾಲು ತಪ್ಪಿತು. ಪರೀಕ್ಷೆ ರದ್ದು. ನಾಳೆ ಮತ್ತೆ ಬನ್ನಿ."

ನನಗೆ ಬೇಕಾದದ್ದೂ ಅದೇ.

ಮರುದಿನ ಮೆಷಿನ್ ಇಳಿಸಿದವನೇ ಹಾಳೆಯನ್ನು ಮೇಜಿನ ಮೇಲೆ ಹರಡಿದೆ. "ಅಣ್ಣಾ, ಇದೊಂದು ಹಳೇ ಬ್ಯಾಟರಿ ಸೆಟ್ ನೋಡಿದೆ. ಹೇಗಿದೆ ಸ್ವಲ್ಪ ಹೇಳಿ." ಹೇಳುವಾಗ ನನ್ನ ದನಿ ಕುಂಯ್ ಎಂದಿತು. ಶಾಲೆಯ ನಾಟಕದಲ್ಲಿ ನನಗೆ ಸಿಗುತ್ತಿದ್ದದ್ದೂ ಪರದೆ ಎಳೆಯುವ ಕೆಲಸವೇ.

ಮೀಟರಣ್ಣ ಕನ್ನಡಕ ಏರಿಸಿ ಓದಿದರು. ಹುಬ್ಬು ಗಂಟಾಯಿತು. "ಏನ್ರೀ ಇದು, ಎರಡು ನಿಮಿಷಕ್ಕೊಂದ್ಸಲ ಸಪ್ಲೈ ನಿಲ್ತಾ ಇದೆ! ಮೂವತ್ತೊಂದು ಸೆಕೆಂಡು! ಯಾವನ್ರೀ ನಿಮಗೆ ಇದನ್ನ ತಲೆಗೆ ಕಟ್ಟಿದ್ದು?"

"ಇನ್ನೂ ಯಾರೂ ಕಟ್ಟಿಲ್ಲ. ಬಳಸಬಹುದಾ?"

"ಬಳಸೋದಾ? ಇದನ್ನ ನಂಬಿ ಯಾರಾದ್ರೂ ಮಲಗಿದ್ರೆ ಬೆಳಿಗ್ಗೆ ಏಳ್ತಾರೆ ಅಂತ ಗ್ಯಾರಂಟಿ ಇಲ್ಲ. ಎಷ್ಟು ಹಳೇದು?"

"ಐವತ್ತೆರಡು ವರ್ಷ ಆಗಿರಬಹುದು."

"ಐವತ್ತೆರಡಾ? ಅಂಥದ್ದು ಯಾವ ಕಂಪನಿದ್ರೀ?"

"ನಮ್ಮತ್ತೆ ಕಂಪನಿದು" ಎಂದರು ಅತ್ತಿಗೆ ಕೌಂಟರಿನಿಂದ, ತಲೆಯೆತ್ತದೆ.

ಮೀಟರಣ್ಣ ಹಾಳೆಯನ್ನು ಮತ್ತೆ ಮೇಲಿನಿಂದ ಓದಿದರು, ಬೆರಳಿಟ್ಟು, ಸಾಲು ಸಾಲಾಗಿ. ರೂಲು ತಮ್ಮದೇ ಪುಸ್ತಕದ್ದೆಂದು ಗುರುತು ಹತ್ತಿತು. ಹಾಳೆಯನ್ನು ಮೂಗಿಗೆ ಹತ್ತಿರ ತಂದರು, ದೂರ ಹಿಡಿದರು. ನನ್ನ ಮೇಲೆ ಹಾಯುತ್ತಾರೆಂದು ನಾನು ಮೆಷಿನ್ನಿನ ಹಿಂದೆ ಸರಿದು ನಿಂತೆ.

"ಇದನ್ನ ಬರೆಯೋವಾಗ ನೀವು ನಿದ್ದೆ ಮಾಡ್ತಿರಲಿಲ್ಲ ತಾನೇ?"

"ಇಲ್ಲ. ನೀವು ಮಾಡ್ತಿದ್ರಿ."

ಅವರು ಹೆಂಡತಿಯ ಕಡೆ ತಿರುಗಿದರು. "ದಿನಾ ಹೀಗೇನಾ?"

"ದಿನಾ ಹೀಗೇ."

"ನೀನು ಯಾವಾಗ ಮಲಗ್ತೀಯಾ ಮತ್ತೆ?"

ಅತ್ತಿಗೆ ಚಿಲ್ಲರೆ ಡ್ರಾಯರನ್ನು ಸುಮ್ಮನೆ ಎಳೆದು ಮತ್ತೆ ಮುಚ್ಚಿದರು. ಮೀಟರಣ್ಣ ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು. "ಆ ಆಸ್ಪತ್ರೆ ಎಷ್ಟು ಗಂಟೆಗೆ ತೆಗೆಯುತ್ತೆ?" ಎಂದು ನನ್ನನ್ನು ಕೇಳಿದರು, ಗದರುವ ದನಿಯಲ್ಲಿ. ಆಮೇಲೆ ನನ್ನ ಪರೀಕ್ಷೆಯನ್ನು ಒಂದು ಸಾಲೂ ತಪ್ಪದಂತೆ ಮುಗಿಸಿಕೊಟ್ಟರು. ಕಣ್ಣಿಗೆ ಜೊಂಪು ಹತ್ತಿದಾಗಲೆಲ್ಲ ಎದ್ದು ನಿಂತು ಬರೆದರಂತೆ.

ಬ್ಯಾಟರಿ ನನ್ನ ಮಂಚದ ಕೆಳಗೆ ಬಂತು. ಬೀದಿಯಲ್ಲಿ ನೆಲ ಅಗೆಯುತ್ತಿದ್ದರೆ ನಾನು ದೋಣಿಯಲ್ಲಿ ತೇಲುತ್ತಿದ್ದೆ. ಆರನೆಯ ವಾರ ಮೀಟರಣ್ಣ ಹೇಳಿಕಳಿಸಿದರು: ಆಸ್ಪತ್ರೆಯ ಪರೀಕ್ಷೆ ಮುಗಿದು ತಮಗೂ ಮೆಷಿನ್ ಬಂದಿದೆ, ತಮ್ಮ ಮನೆಗೂ ಒಂದು ಬ್ಯಾಟರಿ ಕಟ್ಟಿದ್ದಾರೆ, ಆದರೆ ಮಲಗಿ ನೋಡದೆ ಅದನ್ನು ಮನೆಗೆ ಒಯ್ಯುವಂತಿಲ್ಲ, ತಮ್ಮ ನಿದ್ದೆಯ ವೋಲ್ಟನ್ನು ತಾವೇ ಬರೆದುಕೊಳ್ಳಲು ಬರುವುದಿಲ್ಲವಾದ್ದರಿಂದ ನಾನು ಹನ್ನೆರಡಕ್ಕೆ ಬರಬೇಕು.

ಹೋದೆ. ಬಾಗಿಲಿಗೆ 'ಮುಚ್ಚಿದೆ' ಫಲಕ. ಮೀಟರಣ್ಣ ಮಂಚದ ಮೇಲೆ, ಮೂಗಿಗೆ ಮಾಸ್ಕ್, ಕೊರಳಲ್ಲಿ ಮೀಟರ್. "ಅದನ್ನಾದ್ರೂ ತೆಗೀರಿ" ಎಂದರು ಅತ್ತಿಗೆ. ಕೊನೆಗೆ ಮೀಟರಣ್ಣ ಅದನ್ನು ತೆಗೆದು ನನ್ನ ಕೊರಳಿಗೆ ಹಾಕಿದರು. ಸ್ವಲ್ಪ ಹೊತ್ತು ಅವರು ಕಣ್ಣು ಬಿಟ್ಟುಕೊಂಡೇ ಇದ್ದರು. ಆಮೇಲೆ ರೆಪ್ಪೆಗಳು ಇಳಿದವು. ನಾನು ಎಣಿಸಲು ಕಾದೆ, ಎಣಿಸುವುದಕ್ಕೇನೂ ಸಿಗಲಿಲ್ಲ. ಉಸಿರು ಹೋಗಿ ಬಂತು, ಹೋಗಿ ಬಂತು, ಸಮುದ್ರದ ಹಾಗೆ. ಪರದೆಯ ಮೇಲಿನ ಅರ್ಧ ನಗು ಅದಕ್ಕೆ ತಾಳ ಹಾಕಿದಂತೆ ತೂಗಿತು. ಮೀಟರಿನ ಮುಳ್ಳು ಹದಿಮೂರರ ಪಕ್ಕ ಅಲುಗದೆ ನಿಂತಿತ್ತು. ಅತ್ತಿಗೆ ಕೌಂಟರಿನ ಮೇಲೆ ತೋಳು ಮಡಿಸಿ, ಅದರ ಮೇಲೆ ಕೆನ್ನೆಯಿಟ್ಟು, ಗಂಡನ ಕಡೆಗೇ ನೋಡುತ್ತಿದ್ದರು. ನಾನು ಎರಡನೆಯ ಸಾಲು ಬರೆದು ತಲೆಯೆತ್ತುವಷ್ಟರಲ್ಲಿ ಅವರಿಗೂ ನಿದ್ದೆ ಬಂದಿತ್ತು, ಎಷ್ಟೋ ವರ್ಷದ ನಿದ್ದೆ. ಮೂರನೆಯ ಸಾಲು ಬರೆದೆ. ಹಸಿರು ದೀಪಗಳು ಗೋಡೆ ಬಿಟ್ಟು ಇಳಿಯತೊಡಗಿದವು.

ಭುಜ ಅಲುಗಿಸಿದಾಗ ಎಚ್ಚರವಾಯಿತು. ನಾಲ್ಕು ದಾಟಿತ್ತು. ಮೀಟರಣ್ಣ ಎದುರಿಗೆ ನಿಂತಿದ್ದರು. ಮುಖ ತೊಳೆದಿಟ್ಟ ಹಾಗೆ ಹಗುರಾಗಿತ್ತು, ಕಣ್ಣು ಮಾತ್ರ ಉರಿಯುತ್ತಿತ್ತು. ಕೈಯಲ್ಲಿ ನೋಟ್‌ಬುಕ್. ಹನ್ನೆರಡೂಮುಕ್ಕಾಲರ ಸಾಲಿನಿಂದ ಹೊರಟ ನನ್ನ ಪೆನ್ನಿನ ಗೆರೆ ಹಾಳೆ ದಾಟಿ, ಮೇಜಿನ ಮೇಲೂ ಒಂದು ಗೇಣು ಹೋಗಿತ್ತು.

"ಹದಿಮೂರು ಸಾಲು ಖಾಲಿ! ನಂಬಿ ಕೂರಿಸಿದ್ದಕ್ಕೆ ಇದಾ ನೀವು ಮಾಡಿದ್ದು?"

"ಕಣ್ಣು ಮುಚ್ಚಿ ಯೋಚನೆ ಮಾಡ್ತಿದ್ದೆ" ಎಂದೆ.

ಅವರು ಬೈಯಲು ಬಾಯಿ ತೆರೆದವರು ಕೌಂಟರಿನ ಕಡೆ ನೋಡಿ ದನಿ ತಗ್ಗಿಸಿದರು. ಅತ್ತಿಗೆ ಇನ್ನೂ ಎದ್ದಿರಲಿಲ್ಲ.

"ಪರೀಕ್ಷೆ ರದ್ದು" ಎಂದರು ಪಿಸುಮಾತಿನಲ್ಲಿ. "ಮತ್ತೆ ಮೊದಲಿಂದ. ಮೀಟರ್ ಕೊಡಿ ಇಲ್ಲಿ, ಬ್ಯಾಟರಿ ಚಾರ್ಜಿಗೆ ಹಾಕ್ತೀನಿ. ನಾಳೆ ಹನ್ನೆರಡಕ್ಕೆ ಬನ್ನಿ. ನಾಳೆನೂ ನಾನೇ ಮಲಗ್ತೀನಿ."